ಬುಲೆಟ್‌ನ ತಮ್ಮ ನಮ್ಮ ಮನೆಯಲ್ಲಿ

ಜೂನ್ 2, ಸೋಮವಾರ

ಲಾಂಡ್ರಿ ಅಂಗಡಿಗೆ ಹೋಟೆಲಿನವರ ಮೇಜುಬಟ್ಟೆಯ ಗಂಟು ಬಂತು. ಎಣ್ಣೆ ಕಲೆ. ಒಮ್ಮೆ ಒಗೆದರೂ ಬಿಡಲಿಲ್ಲ, ಮತ್ತೆ ನೆನೆಹಾಕಿದೆ. ಇಸ್ತ್ರಿಪೆಟ್ಟಿಗೆಯ ವೈರ್ ಬಿಸಿಯಾಗುತ್ತಿದೆ. ಇವರಿಗೆ ಹೇಳಿ ವಾರವಾಯಿತು. "ನೋಡೋಣ" ಎಂದರು. ನೋಡುತ್ತಲೇ ಇದ್ದಾರೆ. ಶಾಲೆಯ ಬಸ್ಸಿನಲ್ಲಿ ಒಂದು ಸ್ಕ್ರೂ ಸಡಿಲವಾದರೆ ಊಟ ಬಿಟ್ಟು ಓಡುವ ಡ್ರೈವರ್ ಸಾಹೇಬರು, ಹೆಂಡತಿಗೆ ಶಾಕ್ ಹೊಡೆದ ಮೇಲೆ ಏಳುತ್ತಾರೇನೋ.

ಹನ್ನೊಂದರ ಹೊತ್ತಿಗೆ ಒಬ್ಬಳು ಕೋಟು ಕೊಡಲು ಬಂದಳು. ಚೀಟಿ ತೆಗೆದುಕೊಂಡು, ಚೀಲದಿಂದ ಬಿಸ್ಕೆಟ್ ಪೊಟ್ಟಣ ತೆಗೆದು ಕೌಂಟರ್ ಮೇಲಿಟ್ಟಳು. "ಈ ಸಲ ಹುಡುಗರು ಬಂದ್ರೆ ಕೊಡಿ, ಪಾಪ" ಎಂದಳು. ಪಕ್ಕದಲ್ಲಿದ್ದ ಇನ್ನೊಬ್ಬ ಗಿರಾಕಿ ಮುಖ ಆ ಕಡೆ ತಿರುಗಿಸಿ ನಕ್ಕಳು. ನಾನೂ ನಕ್ಕೆ. ಕೋಟಿನ ಮೇಲಿನ ಗುಂಡಿ ಸಡಿಲವಾಗಿದೆ. ಕೇಳದಿದ್ದರೂ ಹೊಲಿದು ಕೊಡುವುದು ನನ್ನ ಅಭ್ಯಾಸ. ಈ ಕೋಟಿಗೆ ಹೊಲಿಯುವುದಿಲ್ಲ. ನಡುರಸ್ತೆಯಲ್ಲಿ ಬೀಳಲಿ.

ಪೇಪರಿನಲ್ಲಿ ಬಂದು ವರ್ಷವಾಗುತ್ತ ಬಂತು. ಜನ ಮರೆತಿಲ್ಲ. ಮರೆಯಲು ಅವನು ಬಿಡಬೇಕಲ್ಲ — ಟೀವಿ ಹಾಕಿದರೆ ಅವನೇ, ಗೋಲು ಹೊಡೆದು ಓಡುತ್ತಿರುತ್ತಾನೆ. ಬುಲೆಟ್ ಅಂತೆ. ಇಲ್ಲಿನ ಹಾಕಿ ಅಕಾಡೆಮಿಗೆ ಹಾಸ್ಟೆಲ್ ಇಲ್ಲ. ದೂರದಿಂದ ಬರುವ ಹುಡುಗರನ್ನು ಸೀಸನ್ ಮುಗಿಯುವವರೆಗೆ ಮೈದಾನದ ಸುತ್ತಲಿನ ಮನೆಗಳಲ್ಲಿ ಇಡುತ್ತಾರೆ. ನಮಗೆ ಮಕ್ಕಳಿಲ್ಲ, ಮುಂದಿನ ಕೋಣೆ ಖಾಲಿ. ಮೂರು ಸೀಸನ್ ಅಲ್ಲಿದ್ದ ಬುಲೆಟ್. ಅವನ ಸಾಕ್ಸ್ ನಾನು ತೊಳೆದೆ. ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ನಾನು ಹಾಕಿದೆ. ದೊಡ್ಡ ಟೀಮಿಗೆ ಸೇರಿದ ಮೇಲೆ ಪೇಪರಿನವರ ಮುಂದೆ ಕೂತು ಏನು ಹೇಳಿದ? ಅಕಾಡೆಮಿಯವರು ಇಟ್ಟಿದ್ದ ಮನೆಯಲ್ಲಿ ಹೊಟ್ಟೆಗೆ ಸರಿಯಾಗಿ ಹಾಕುತ್ತಿರಲಿಲ್ಲ, ನೀರು ಕುಡಿದು ಬೋರಲು ಮಲಗಿ ಹಸಿವು ತಡೆದೆ ಎಂದ. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವನಿದ್ದದ್ದು ಒಂದೇ ಮನೆ.

ಆಮೇಲೆ ನಾನು ಫೋನ್ ಮಾಡಿದೆ, ಇವರು ಮಾಡಿದರು. ಎತ್ತಲಿಲ್ಲ. ಕಳ್ಳಿ ಎಂದು ಬರೆಸಿದ್ದರೂ ತಡೆದುಕೊಳ್ಳುತ್ತಿದ್ದೆ. ಉಣ್ಣಲು ಕೂತ ಹುಡುಗನಿಗೆ ಹಾಕಲಿಲ್ಲ ಎಂದರೆ... ಅವನು ನನ್ನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಊರ ಮುಂದೆ ನಿಲ್ಲಬೇಕು. ಅಲ್ಲಿಯವರೆಗೆ ನನಗೆ ಸಮಾಧಾನವಿಲ್ಲ.

ಜೂನ್ 4

ಮಧ್ಯಾಹ್ನ ಕೋಚ್ ಫೋನ್. ಮಾತಿಗೆ ಮುಂಚೆ ಎರಡೆರಡು ಸಲ ಗಂಟಲು ಸರಿಮಾಡಿಕೊಂಡರು. ಅಂದರೆ ಏನೋ ಇದೆ.

"ಈ ಸಲ ಇಬ್ಬರನ್ನ ಇಟ್ಕೋತೀರಾ ಅಮ್ಮಾ? ಮನೆಗಳು ಸಾಲ್ತಿಲ್ಲ."

"ಹೋದ ಸೀಸನ್ ನಮ್ಮ ಮನೆ ನೆನಪಿಗೆ ಬರಲಿಲ್ಲ ನಿಮಗೆ."

"ಆಗ ಗಲಾಟೆ ಇತ್ತಲ್ಲ, ಕಮಿಟಿಯವರು..." ಮತ್ತೆ ಗಂಟಲು. "ಒಬ್ಬ ಗೋಲ್‌ಕೀಪರ್. ಇನ್ನೊಬ್ಬ ಬುಲೆಟ್ ತಮ್ಮ. ನಿಮ್ಮ ಮನೇನೇ ಬೇಕು ಅಂತ ಅವನೇ ಕೇಳಿದಾನೆ."

ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಇತ್ತು. ಯಾರದೋ ಅಂಗಿಯ ತೋಳು ಸ್ವಲ್ಪದರಲ್ಲಿ ಉಳಿಯಿತು.

ಸಂಜೆ ಇವರಿಗೆ ಹೇಳಿದೆ. "ಬೇಡ ಅಂದುಬಿಡು ಕಣೆ. ಅಣ್ಣ ಮಾಡಿದ್ದು ಸಾಲದಾ?" ಎಂದರು.

"ಬರಲಿ ಅಂತ ಹೇಳಿಯಾಯ್ತು."

ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. "ಆ ಹುಡುಗನಿಗೆ ಏನು ಮಾಡ್ಬೇಕು ಅಂತಿದೀಯ?"

"ಊಟ ಹಾಕ್ಬೇಕು ಅಂತಿದೀನಿ" ಎಂದೆ.

ಹಾಕುತ್ತೇನೆ. ಬೀದಿಯೆಲ್ಲ ನೋಡುವ ಹಾಗೆ ಹಾಕುತ್ತೇನೆ. ತಮ್ಮನ ಕೆನ್ನೆ ಉಬ್ಬಬೇಕು, ಅಣ್ಣನ ಮುಖ ಇಳಿಯಬೇಕು.

ಜೂನ್ 9

ಬಂದರು. ಗೋಲ್‌ಕೀಪರ್ ಬಾಗಿಲಲ್ಲಿ ಸಿಕ್ಕಿಕೊಂಡ. ಅವನಲ್ಲ, ಅವನ ಪ್ಯಾಡಿನ ಚೀಲ. "ಆಂಟಿ, ಇದಕ್ಕೂ ಒಂದು ಹಾಸಿಗೆ ಬೇಕು" ಎಂದ. ದುಂಡಗೆ, ನಗುಮುಖ, ಬಾಯಿ ನಿಲ್ಲುವುದಿಲ್ಲ. ಟೀಮಿನಲ್ಲಿ ಗೋಡೆ ಎಂದು ಕರೆಯುತ್ತಾರಂತೆ. ಬುಲೆಟ್‌ನ ತಮ್ಮ ಹಿಂದೆ ನಿಂತಿದ್ದ. ಕಡ್ಡಿ. ಅಣ್ಣನದೇ ಕಿವಿ. ಆ ಕಿವಿ ನೋಡಿದ್ದೇ ಮೈಯೆಲ್ಲ ಉರಿಯಿತು. ಎಲ್ಲರ ಚಪ್ಪಲಿಯನ್ನೂ ಜೋಡಿಸಿಟ್ಟು ಒಳಗೆ ಬಂದ.

ಊಟದ ಮೇಜನ್ನು ಇವರ ಕೈಯಲ್ಲಿ ಎಳೆಸಿ ಬೀದಿ ಕಡೆಯ ಕಿಟಕಿಗೆ ಸೇರಿಸಿದ್ದೆ. ಪರದೆ ಒಗೆಯಲು ತೆಗೆದೆ. ಯಾವಾಗ ಒಗೆಯುತ್ತೇನೋ ಗೊತ್ತಿಲ್ಲ — ಅಂಗಡಿಯಲ್ಲಿ ಕೆಲಸ ಜಾಸ್ತಿ. ಕೋಳಿ, ಮೊಟ್ಟೆ, ಅನ್ನ, ಹಾಲು, ಹಣ್ಣು. ಎದುರುಮನೆಯ ಟೇಲರಮ್ಮ ಮಷಿನ್ ನಿಲ್ಲಿಸಿ ನೋಡಿದಳು. ಕೈ ಬೀಸಿದೆ.

"ಆಂಟಿ, ದಿನಾ ಹೀಗೇನಾ?" ಎಂದು ಗೋಡೆ ಕೇಳಿದ.

"ದಿನಾ ಹೀಗೇ. ಮೊದಲಿಂದಲೂ ಹೀಗೇ" ಎಂದೆ, ಚಿಕ್ಕವನನ್ನು ನೋಡುತ್ತ.

ಅವನು ತಲೆ ಎತ್ತಲಿಲ್ಲ. ಹಾಕಿದ್ದನ್ನೆಲ್ಲ ತಿಂದ. ಒಂದಗುಳು ಬಿಡಲಿಲ್ಲ.

ಜೂನ್ 22, ಭಾನುವಾರ

ಅಂಗಡಿಯಲ್ಲಿ ಬಟ್ಟೆಗಂಟು ತೂಗುವ ಮಷಿನ್ ಇದೆ. ಗಿರಾಕಿಗಳು ಇರುವ ಹೊತ್ತು ನೋಡಿ ಚಿಕ್ಕವನನ್ನು ಅದರ ಮೇಲೆ ನಿಲ್ಲಿಸುತ್ತೇನೆ. ತೂಕ ಏರಿದೆ. ಎಲ್ಲರಿಗೂ ಕೇಳುವ ಹಾಗೆ ಓದಿ ಹೇಳಿದೆ.

"ನನ್ನನ್ನೂ ತೂಗಿ ಆಂಟಿ" ಎಂದ ಗೋಡೆ.

"ನೀನು ಹತ್ತಿದರೆ ಮಷಿನ್ ರಿಪೇರಿಗೆ ಹೋಗತ್ತೆ, ದೂರ ನಿಲ್ಲು."

ಜನ ನಕ್ಕರು. ಒಳ್ಳೆಯ ನಗು, ಬಹಳ ದಿನದ ಮೇಲೆ. ಆಗಲೇ ಆ ಕೋಟಿನವಳು ಬಂದಳು. ಹುಡುಗನನ್ನು ಮೇಲಿಂದ ಕೆಳಗೆ ನೋಡಿದಳು. "ಚೆನ್ನಾಗಿ ನೋಡ್ಕೊಳ್ತಿದೀರ. ಅಣ್ಣನಿಗೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಅಂತ ಅಂದ್ಕೊಳ್ಳಿ" ಎಂದಳು.

ಎದೆಗೆ ಒದ್ದ ಹಾಗಾಯಿತು. ಇದು ಹೊಳೆದೇ ಇರಲಿಲ್ಲ ನನಗೆ. ಎಷ್ಟು ಹಾಕಿದರೂ ತಪ್ಪು ಮಾಡಿದವಳ ಕೈ ಎಂದೇ ನೋಡುತ್ತಾರೆ. ಇವನ ಕೆನ್ನೆ ಉಬ್ಬಿದಷ್ಟೂ ಅಣ್ಣನ ಮಾತೇ ಗಟ್ಟಿಯಾಗುತ್ತದೆ.

ಕೆನ್ನೆ ಸಾಲದು. ಬಾಯಿ ಬೇಕು. ಇವನ ಬಾಯಿಂದ ಬರಬೇಕು.

ಜುಲೈ 1

ಹುಡುಗರು ಪ್ರಾಕ್ಟೀಸ್ ಮುಗಿಸಿ ಬಂದರು. ಗೋಡೆ ಸ್ನಾನಕ್ಕೆ ಹೋದ. ಚಿಕ್ಕವನು ಅಡುಗೆಮನೆಯ ಬಾಗಿಲಲ್ಲಿ ಕೂತು ಸ್ಟಿಕ್ಕಿನ ಹಿಡಿಗೆ ಟೇಪ್ ಸುತ್ತುತ್ತಿದ್ದ. ಈಗಲೇ ಎಂದುಕೊಂಡೆ.

"ಅಷ್ಟು ಮನೆ ಬಿಟ್ಟು ಈ ಮನೇನೇ ಯಾಕೋ ಕೇಳಿದೆ?"

ಟೇಪ್ ನಿಂತಿತು. "ಅಣ್ಣ ಹೇಳಿದ."

"ಏನು ಹೇಳಿದ?"

"ಆ ಮನೆಗೇ ಹೋಗು ಅಂದ. ಆಂಟಿ ಬಾಯಿ ಜೋರು, ಆದ್ರೆ ಕೈ ಧಾರಾಳ. ಸಾಕು ಅಂದ್ರೂ ಬಿಡಲ್ಲ ಅಂದ."

ಸೌಟು ಹಿಡಿದು ಹಾಗೇ ನಿಂತೆ. ನಗು ಬಂತು, ಸಿಟ್ಟು ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ಲೋಕಕ್ಕೆ ಒಂದು, ತಮ್ಮನಿಗೆ ಒಂದು. ಸಿಕ್ಕಿಬಿದ್ದೆಯಲ್ಲೋ ಬುಲೆಟ್.

ಆಗಸ್ಟಿನಲ್ಲಿ ಅಕಾಡೆಮಿಯ ವಾರ್ಷಿಕೋತ್ಸವ. ಮುಖ್ಯ ಅತಿಥಿ ಅವನೇ, ಮೈದಾನದ ಗೇಟಿಗೆ ಆಗಲೇ ಬ್ಯಾನರ್ ಕಟ್ಟಿದ್ದಾರೆ. ಪ್ರತಿವರ್ಷ ಹೊಸ ಹುಡುಗನೊಬ್ಬ ವೇದಿಕೆ ಹತ್ತಿ, ತಾನಿರುವ ಮನೆಯವರಿಗೆ ಥ್ಯಾಂಕ್ಸ್ ಹೇಳುವ ಪದ್ಧತಿ. ಈ ಸಲ ಯಾರು ಹೇಳಬೇಕು ಎಂದು ನಾನು ತೀರ್ಮಾನಿಸಿಯಾಯಿತು.

ಜುಲೈ 4

ಕೋಚ್ ಒಪ್ಪಿದರು. ಬುಲೆಟ್ ತಮ್ಮನೇ ಮಾತಾಡಿದರೆ ಪೇಪರಿನವರಿಗೂ ಚೆನ್ನಾಗಿರುತ್ತದೆ ಎಂದರು. ಇರುತ್ತದೆ, ಬಹಳ ಚೆನ್ನಾಗಿರುತ್ತದೆ.

ಸಂಜೆ ಹೇಳಿಕೊಟ್ಟೆ. "ಜಾಸ್ತಿ ಏನಿಲ್ಲ. ನನಗೆ ಹೇಳಿದ್ಯಲ್ಲ, ಅದನ್ನೇ ಮೈಕಲ್ಲಿ ಹೇಳು. ಆ ಮನೆಗೇ ಹೋಗು ಅಂತ ಅಣ್ಣ ಹೇಳಿದ. ಸಾಕು ಅಂದ್ರೂ ಬಿಡಲ್ಲ ಅಂದ. ಅಷ್ಟೇ."

"ಅಣ್ಣ ಅಲ್ಲೇ ಇರ್ತಾನೆ ಆಂಟಿ."

"ಇರಲಿ. ಸುಳ್ಳು ಹೇಳ್ತಿದೀಯಾ ನೀನು?"

ಇಲ್ಲ ಎಂದು ತಲೆಯಾಡಿಸಿದ. ಇವರು ಪೇಪರಿನ ಹಿಂದಿನಿಂದ, "ಪಾಪದ ಹುಡುಗನ ಹೆಗಲ ಮೇಲೆ ಬಂದೂಕ ಇಡ್ತಿದೀಯ" ಎಂದರು. ನಿಮ್ಮನ್ನು ಯಾರೂ ಕೇಳಲಿಲ್ಲ ಎಂದೆ. ಇವರಿಗೆ ಸುಲಭ. ಬಸ್ಸಿನಲ್ಲಿ ಮಕ್ಕಳು ಇವರ ಬೆನ್ನು ನೋಡುತ್ತವೆ. ಕೌಂಟರಿನ ಹಿಂದೆ ನಿಂತು ಬಂದವರ ಮುಖ ನೋಡಬೇಕಾದವಳು ನಾನು.

ಜುಲೈ 19, ಶನಿವಾರ

ಏನು ಬರೆಯಲಿ.

ಒಗೆಯುವ ಬಟ್ಟೆ ಆರಿಸಲು ಚಿಕ್ಕವನ ಕಿಟ್ ಚೀಲ ತೆಗೆದೆ. ತಳದಲ್ಲಿ ಹಳೆಯ ಸಾಕ್ಸ್, ಒಳಗೆ ಗಟ್ಟಿಯಾದ ಬ್ರೆಡ್ ಚೂರು. ಇನ್ನೊಂದು ಸಾಕ್ಸ್‌ನಲ್ಲಿ ಬೂಷ್ಟು ಹಿಡಿದ ಕೇಕ್. ನನ್ನದೇ ಮೇಜಿನಿಂದ ಹೋದದ್ದು. ಕಣ್ಣು ಕತ್ತಲಿಟ್ಟಿತು. ಇದೂ ಅಣ್ಣನದೇ ಪಾಠ, ನಾಳೆ ಇದನ್ನೇ ತೋರಿಸಿ ಇಲ್ಲೂ ಹಾಕುತ್ತಿರಲಿಲ್ಲ ಎನ್ನುತ್ತಾನೆ ಎಂದುಕೊಂಡೆ. ಕೂಗಿ ಕರೆದೆ.

"ಏನೋ ಇದು? ಪೇಪರಿನವರಿಗೆ ತೋರಿಸೋಕಾ? ಅಣ್ಣ ಹೇಳಿಕೊಟ್ಟನಾ?"

ಹುಡುಗನ ಮುಖ ಬಿಳಿಚಿಕೊಂಡಿತು. "ಇಲ್ಲ ಆಂಟಿ. ಅಭ್ಯಾಸ... ನಾಳೆಗೆ ಅಂತ."

"ನಾಳೆಗೆ ನಾನು ಸತ್ತು ಹೋಗ್ತೀನಾ? ನಾಳೆ ಅಡುಗೆ ಮಾಡಲ್ವಾ?"

ಮಂಚದ ಅಂಚಿನಲ್ಲಿ ಕೂತ. ಸ್ಟಿಕ್ಕಿನ ಟೇಪ್ ಕೀಳತೊಡಗಿದ. ಆಮೇಲೆ ಹೇಳಿದ.

"ಅಮ್ಮ ಸಂಜೆ ಪಾಳಿಗೆ ಹೋಗೋಳು, ಪ್ಯಾಕಿಂಗ್ ಕೆಲಸಕ್ಕೆ. ಅನ್ನ ಮಾಡಿಟ್ಟು, ಪೂರ್ತಿ ಉಣ್ಣಿ ಮಕ್ಕಳಾ, ನಂಗೆ ಅಲ್ಲೇ ಊಟ ಕೊಡ್ತಾರೆ ಅಂತ ಹೇಳೋಳು. ಅಲ್ಲಿ ಕೊಡ್ತಿರಲಿಲ್ಲ. ಅಣ್ಣ ಒಂದಿನ ಫ್ಯಾಕ್ಟರಿ ಗೇಟ್ ಹತ್ರ ಹೋಗಿ ಕೇಳಿಕೊಂಡು ಬಂದಿದ್ದ."

"ಅದಕ್ಕೆ?"

"ಅದಕ್ಕೆ ಎರಡು ತುತ್ತು ತಿಂದು ಮಿಕ್ಕಿದ್ದನ್ನ ಪಾತ್ರೆಗೇ ಹಾಕ್ತಿದ್ವಿ. ತಟ್ಟೆಗೆ ಸ್ವಲ್ಪ ಮೆತ್ತಿ ಸಿಂಕಲ್ಲಿ ಇಡೋದು, ಉಂಡ ಹಾಗೆ ಕಾಣಲಿ ಅಂತ. ಆಮೇಲೆ ನೀರು ಕುಡಿದು ಬೋರಲು ಮಲಗೋದು. ಅಣ್ಣ ಕಲಿಸಿದ್ದು. ಅಮ್ಮ ಬಂದು ಮುಚ್ಚಳ ತೆಗೆದು, ಇಷ್ಟೊಂದು ಉಳಿಸಿದೀರಲ್ಲ, ಹೊಟ್ಟೆ ತುಂಬಿತಾ ಅಂತ ಕೇಳಿ, ಅವಳು ಉಣ್ಣೋಳು."

"ಅಂದ್ರೆ ಅಣ್ಣ ಪೇಪರಲ್ಲಿ ಹೇಳಿದ್ದು..."

"ನಮ್ಮ ಮನೇದು." ತಲೆ ಇನ್ನೂ ಕೆಳಗೆ. "ಪೇಪರಿನವರು ಮನೆಗೆ ಬಂದಿದ್ರು. ಮಾತಿನ ಭರದಲ್ಲಿ ನೀರು ಕುಡಿದು ಮಲಗಿದ್ದು ಅಣ್ಣನ ಬಾಯಿಗೆ ಬಂದುಬಿಡ್ತು. ಎಲ್ಲಿ, ಯಾವಾಗ ಅಂತ ಕೇಳಿದ್ರು. ಅಷ್ಟರಲ್ಲಿ ಅಮ್ಮ ಟೀ ತಂದು ಅಲ್ಲೇ ನಿಂತಿದ್ಲು ಆಂಟಿ. ಅಣ್ಣ ನಿಮ್ಮ ಮನೆ ಅಂದ."

ಅಮ್ಮನಿಗೆ ಗೊತ್ತೇ ಇಲ್ಲವೇ ಎಂದು ಕೇಳಿದೆ. ಇಲ್ಲ ಎಂದ. ತನ್ನ ಹೊಟ್ಟೆ ಕಟ್ಟಿದರೂ ಮಕ್ಕಳ ಹೊಟ್ಟೆ ತುಂಬಿಸಿ ಬೆಳೆಸಿದೆ ಎಂದು ಕಂಡವರಿಗೆಲ್ಲ ಹೇಳುತ್ತಾಳಂತೆ. "ಅಮ್ಮನಿಗೆ ಹೇಳಲ್ಲ ಅಲ್ವಾ ಆಂಟಿ?"

"ಹೇಳಲ್ಲ ಕಣೋ" ಎಂದೆ.

ಜುಲೈ 20

ಅಯ್ಯೋ ಪಾಪ ಎನ್ನಬೇಕು. ನಿನ್ನೆಯಿಂದ ಅನ್ನುತ್ತಲೇ ಇದ್ದೇನೆ. ಆಮೇಲೆ?

ಅಮ್ಮನ ಮಾನ ಉಳಿಸಲು ನನ್ನ ಮಾನ ಬೀದಿಗಿಟ್ಟ. ಬಸ್‌ಸ್ಟ್ಯಾಂಡಿನಲ್ಲಿ ಹಸಿದಿದ್ದೆ ಎನ್ನಬಹುದಿತ್ತು. ಟೂರ್ನಮೆಂಟಿಗೆ ಹೋದಾಗ ಎನ್ನಬಹುದಿತ್ತು. ಸುಮ್ಮನೆ ಹೇಳಿದೆ, ಬರೆಯಬೇಡಿ ಎನ್ನಬಹುದಿತ್ತು. ನನ್ನ ಮನೆಯೇ ಬಾಯಿಗೆ ಬಂತೇ? ಇವಳು ಹೇಗೂ ತಡೆದುಕೊಳ್ಳುತ್ತಾಳೆ ಎಂದೇ? ಹೆತ್ತವಳಲ್ಲವಲ್ಲ, ಇವಳಿಗೆ ಎಲ್ಲಿ ನೋಯುತ್ತದೆ ಎಂದೇ?

ಇವರಿಗೆ ಹೇಳಿದೆ. ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ಬಿಟ್ಟುಬಿಡು ಕಣೆ ಇನ್ನು" ಎಂದರು. ಅಷ್ಟು ಸಲೀಸೇ?

ಒಂದು ಮಾತ್ರ ಮಾಡಿದೆ. ಮೈಕಿಗೆ ಚಿಕ್ಕವನು ಬೇಡ, ಗೋಡೆ ಮಾತಾಡಲಿ ಎಂದು ಕೋಚ್‌ಗೆ ಹೇಳಿದೆ. ಆ ತಾಯಿ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಅಷ್ಟು ಕಟುಕಿಯಲ್ಲ ನಾನು. ಆದರೆ ಬುಲೆಟ್‌ನನ್ನು ಬಿಡುವುದಿಲ್ಲ. ವೇದಿಕೆಯ ಹಿಂದೆ ಒಬ್ಬನೇ ಸಿಗಲಿ. ಹೇಳಬೇಕಾದ್ದನ್ನು ದಿನಾ ಇಸ್ತ್ರಿ ಮಾಡುತ್ತ ಹೇಳಿಕೊಳ್ಳುತ್ತಿದ್ದೇನೆ. ಬಟ್ಟೆ ಕೊಡಲು ಬಂದವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಆಗಸ್ಟ್ 8, ಶುಕ್ರವಾರ

ಆ ತಾಯಿ ಬಂದರು. ಹುಡುಗರ ಮನೆಯವರು ಬಂದರೆ ಹುಡುಗರಿರುವ ಮನೆಯಲ್ಲೇ ಇಳಿಯುವುದು ಇಲ್ಲಿನ ರೂಢಿ. ನಾಳೆ ವಾರ್ಷಿಕೋತ್ಸವ. ಬುಲೆಟ್ ಟೀಮಿನ ಜೊತೆ ಬೇರೆ ಊರಿನಲ್ಲಿದ್ದಾನೆ, ನೇರ ಮೈದಾನಕ್ಕೆ ಬರುತ್ತಾನಂತೆ.

ಸಣ್ಣ ಆಳು, ನೆಟ್ಟಗಿನ ಬೆನ್ನು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಬನ್ನು, ಬಾಳೆಹಣ್ಣು. "ಇವನಿಗೆ. ಯಾವುದಕ್ಕೂ ಇರಲಿ ಅಂತ" ಎಂದರು. ಹಲ್ಲು ಕಚ್ಚಿಕೊಂಡು ತೆಗೆದುಕೊಂಡೆ.

ಅಡುಗೆಮನೆಗೆ ಬಂದರು. ಕೇಳದೆ ಮುಚ್ಚಳ ಎತ್ತಿ ನೋಡಿದರು. ಒಂದಲ್ಲ, ಎಲ್ಲ ಪಾತ್ರೆಯದೂ. "ದಿನಾ ಇಷ್ಟು ಮಾಡ್ತೀರಾ? ನಾನು ಬಂದೆ ಅಂತಾನಾ?"

"ದಿನಾ ಮಾಡ್ತೀನಿ."

"ಮೊದಲೂ ಮಾಡಿದ್ರೆ ಚೆನ್ನಾಗಿರ್ತಿತ್ತು" ಎಂದರು. ಕೋಪದಿಂದಲ್ಲ, ಮೆಲ್ಲಗೆ. ಅದೇ ಹೆಚ್ಚು ಚುಚ್ಚಿತು.

ಊಟಕ್ಕೆ ಕೂತಾಗ ಮಗನ ತಟ್ಟೆಯನ್ನೇ ನೋಡುತ್ತಿದ್ದರು. ನಾನು ಬಡಿಸುವ ಪ್ರತಿ ಸೌಟಿನ ಮೇಲೂ ಕಣ್ಣು. ಚಿಕ್ಕವನು ನನ್ನ ಮುಖ ನೋಡಿದ. ಬೇಡ ಆಂಟಿ ಎನ್ನುವ ಹಾಗೆ. ನನ್ನ ಬಾಯಿಗೆ ಇಷ್ಟು ದೊಡ್ಡ ಬೀಗ ಯಾವತ್ತೂ ಬಿದ್ದಿರಲಿಲ್ಲ. ಇವರು ಮೇಜಿನ ಕೆಳಗೆ ನನ್ನ ಕಾಲನ್ನು ಮೆತ್ತಗೆ ಒತ್ತಿದರು. ಒಂದು ದಿನ. ನಾಳೆ ಸಂಜೆಯ ಬಸ್ಸಿಗೆ ಹೋಗುತ್ತಾರೆ.

ಆಗಸ್ಟ್ 9, ಮಧ್ಯಾಹ್ನ

ಹೇಳಿಬಿಟ್ಟೆ.

ಬೆಳಿಗ್ಗೆಯಿಂದ ಬರಿಯ ಓಡಾಟ. ಆಕೆ ತಿಂಡಿ ಬೇಡ ಎಂದಿದ್ದರು, ಮಗನನ್ನು ನೋಡುವ ಸಡಗರ. ಮಧ್ಯಾಹ್ನ ಎಲ್ಲ ಮೇಜಿಗೆ ಕೂತೆವು. ಟೇಲರಮ್ಮನನ್ನು ನಾನೇ ಕರೆದಿದ್ದೆ, ನನ್ನ ಕಡೆಯವರು ಒಬ್ಬರಿರಲಿ ಎಂದು. ಆಕೆ ಟೇಲರಮ್ಮನ ಜೊತೆ ಮಾತಿಗೆ ಶುರುಮಾಡಿದರು.

"ನಾನು ಪಡಬಾರದ ಕಷ್ಟ ಪಟ್ಟಿದೀನಿ. ಆದ್ರೆ ನನ್ನ ಮನೇಲಿ ನನ್ನ ಮಕ್ಕಳು ಒಂದಿನ ಹಸ್ಕೊಂಡು ಮಲಗಿಲ್ಲ. ನಾನು ಕೆಲಸದಿಂದ ಬರೋ ಹೊತ್ತಿಗೆ ಪಾತ್ರೇಲಿ ಇನ್ನೂ ಅನ್ನ ಉಳಿದಿರೋದು ನೋಡಿ. ಅಷ್ಟು ಮಾಡಿಟ್ಟು ಹೋಗ್ತಿದ್ದೆ."

ಚಿಕ್ಕವನು ಉಣ್ಣುವುದನ್ನು ನಿಲ್ಲಿಸಿದ. ನಾನು ಅನ್ನದ ಪಾತ್ರೆ ಎತ್ತಿಕೊಂಡು ಬಡಿಸಲು ಬಂದೆ. ಆಗ ಆಕೆ ನನ್ನ ಕಡೆ ತಿರುಗಿದರು.

"ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ. ಕಂಡವರ ಮಕ್ಕಳಿಗೆ ಹಾಕೋಕೆ ಎಲ್ಲರಿಗೂ ಕೈ ಬರಲ್ಲ. ಒಂದು ಹೆತ್ತಿದ್ರೆ ನಿಮಗೂ ಗೊತ್ತಾಗ್ತಿತ್ತು."

ಇವರು "ಅಮ್ಮಾ" ಎಂದರು. ಟೇಲರಮ್ಮ ತಟ್ಟೆ ನೋಡಿದಳು. ಪಾತ್ರೆ ಮೇಜಿನ ಮೇಲಿಟ್ಟೆ.

"ಪಾತ್ರೇಲಿ ಅನ್ನ ಯಾಕೆ ಉಳೀತಿತ್ತು ಅಂತ ನಿಮ್ಮ ಮಗನ್ನ ಕೇಳಿ."

"ಆಂಟಿ" ಎಂದ ಚಿಕ್ಕವನು.

"ಕೇಳಿ. ಅಮ್ಮನಿಗೆ ಫ್ಯಾಕ್ಟರೀಲಿ ಊಟ ಕೊಡಲ್ಲ ಅಂತ ಗೊತ್ತಾಗಿ ತಮ್ಮ ಪಾಲನ್ನ ಪಾತ್ರೆಗೆ ವಾಪಸ್ ಹಾಕಿದ್ದು ಯಾರು, ನೀರು ಕುಡಿದು ಬೋರಲು ಮಲಗಿದ್ದು ಯಾರ ಮನೇಲಿ ಅಂತ ಕೇಳಿ. ಆ ಅನ್ನ ಉಂಡಿದ್ದು ಯಾರು ಅಂತಾನೂ ಕೇಳಿ."

ಕೂಗಲಿಲ್ಲ. ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದೆ. ರುಚಿಯಾಗಿತ್ತು ಹೇಳುವಾಗ. ಸುಳ್ಳೇಕೆ ಬರೆಯಲಿ, ಬಹಳ ರುಚಿಯಾಗಿತ್ತು.

ಆಕೆ ಮಗನ ಕಡೆ ನೋಡಿದರು. ಇಲ್ಲಮ್ಮ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವನು ಕಣ್ಣು ತುಂಬಿ ತಟ್ಟೆ ನೋಡುತ್ತ ಕೂತ. ಆಕೆಯ ಕೈಯಲ್ಲಿ ಮೊದಲ ತುತ್ತು ಕಲಸಿದ್ದು ಹಾಗೇ ಇತ್ತು. ಅದನ್ನು ನಿಧಾನವಾಗಿ ತಟ್ಟೆಗೆ ಇಳಿಸಿದರು. ಎದ್ದು ಕೈ ತೊಳೆದರು. "ಹೊತ್ತಾಗತ್ತೆ, ಮೈದಾನಕ್ಕೆ ಹೊರಡೋಣ" ಎಂದರು. ಬೇರೇನೂ ಇಲ್ಲ. ಅಳಲೂ ಇಲ್ಲ.

ಗೆದ್ದೆ. ಬಟ್ಟೆ ಬದಲಿಸಲು ಒಳಗೆ ಬಂದವಳು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಇವರು ಟೇಲರಮ್ಮನನ್ನು ಕಳಿಸುತ್ತಿದ್ದಾರೆ. ಗೋಡೆಯ ಬಾಯಿಯೂ ನಿಂತಿದೆ.

ಆಗಸ್ಟ್ 9, ಸಂಜೆ

ಬುಲೆಟ್ ಕಾರಿನಿಂದ ಇಳಿದ. ಹೂಗುಚ್ಛ, ಫೋಟೋ, ಚಪ್ಪಾಳೆ. ಜನರನ್ನು ದಾಟಿ ಅಮ್ಮನ ಹತ್ತಿರ ಬಂದ. ಎಲ್ಲರ ಎದುರಿಗೇ ಆಕೆ ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಹಾಗೇ ಇಟ್ಟುಕೊಂಡು ನಿಂತರು. ಫೋಟೋದವರು ನಕ್ಕರು. ಅವನೂ ನಕ್ಕ, ಆಮೇಲೆ ತಮ್ಮನ ಮುಖ ನೋಡಿದ, ಆಮೇಲೆ ನನ್ನನ್ನು ನೋಡಿದ. ನಗು ಹೋಯಿತು.

ವೇದಿಕೆಯ ಹಿಂದೆ ಒಬ್ಬನೇ ಸಿಕ್ಕ. ಅವನೇ ಬಂದ. "ನನ್ನ ಬೈಯಬೇಕಿತ್ತು ಆಂಟಿ. ಊರ ಮುಂದೆ ಚಪ್ಪಲೀಲಿ ಹೊಡೀಬೇಕಿತ್ತು. ಅಮ್ಮನಿಗೆ ಯಾಕೆ..." ತಲೆ ತಗ್ಗಿಸಿ ನಿಂತಿದ್ದ. ನಾನು ಬೇಕೆಂದಿದ್ದ ಹಾಗೇ. ಅಷ್ಟು ದಿನ ಉರು ಹೊಡೆದ ಮಾತು ಒಂದೂ ಬಾಯಿಗೆ ಬರಲಿಲ್ಲ. "ನಿನ್ನ ಅಮ್ಮ ಊಟ ಮಾಡಿಲ್ಲ" ಎಂದೆ. ಅಷ್ಟರಲ್ಲಿ ಅವನನ್ನು ವೇದಿಕೆಗೆ ಕರೆದರು.

ಗೋಡೆ ಮೈಕಿನಲ್ಲಿ ಏನೋ ಹೇಳಿದ, ಜನ ನಕ್ಕರು. ನನಗೆ ಕೇಳಿಸಲಿಲ್ಲ. ಮುಂದಿನ ಸಾಲಿನಲ್ಲಿ ಎಲ್ಲರಿಗೂ ತಿಂಡಿಯ ಪೊಟ್ಟಣ ಕೊಟ್ಟರು. ಆಕೆ ತಮ್ಮದನ್ನು ಚಿಕ್ಕವನ ಮಡಿಲಿಗೆ ಇಟ್ಟರು.

ಮುಗಿಯುವ ಮೊದಲೇ ಮನೆಗೆ ಓಡಿದೆ. ಅನ್ನ, ಕೋಳಿ, ಮೊಟ್ಟೆ ಬಿಸಿಮಾಡಿ ಡಬ್ಬಿಗೆ ತುಂಬಿ ಬಸ್‌ಸ್ಟ್ಯಾಂಡಿಗೆ ಹೋದೆ. ಬುಲೆಟ್ ಕಾರಿನಲ್ಲಿ ಬಿಡುತ್ತೇನೆ ಎಂದರೂ ಆಕೆ ಒಪ್ಪಲಿಲ್ಲವಂತೆ. ಚಿಕ್ಕವನು ಚೀಲ ಹಿಡಿದು ಪಕ್ಕದಲ್ಲಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ.

"ತಗೊಳ್ಳಿ, ದಾರಿಗೆ" ಎಂದು ಡಬ್ಬಿ ಚಾಚಿದೆ.

ಆಕೆ ಡಬ್ಬಿ ನೋಡಲಿಲ್ಲ. "ಎಷ್ಟು ವರ್ಷ ಅಂತ ಕೇಳಿದೆ ಇವನನ್ನ. ಹೇಳ್ತಿಲ್ಲ. ನಿಮಗೇನಾದ್ರೂ ಹೇಳಿದಾನಾ?"

ಬಸ್ಸಿಗೆ ಕಾಯುವವರ ಸಾಲು ಉದ್ದವಿತ್ತು. ಗುರುತಿನ ಮುಖಗಳೇ, ನನ್ನ ಗಿರಾಕಿಗಳೇ ಅರ್ಧ. ಜೋರಾಗಿಯೇ ಹೇಳಿದೆ. "ಮಧ್ಯಾಹ್ನ ನಾನು ಹೇಳಿದ್ದು ಸುಳ್ಳು. ಸಿಟ್ಟಿಗೆ ಹೇಳಿದೆ. ನಿಮ್ಮ ದೊಡ್ಡ ಮಗ ಪೇಪರಲ್ಲಿ ಹೇಳಿದ್ದೇ ನಿಜ. ಅವನಿಗೆ ನಾನೇ ಸರಿಯಾಗಿ ಹಾಕ್ತಿರಲಿಲ್ಲ."

ಸಾಲು ತಿರುಗಿ ನೋಡಿತು. ಚಿಕ್ಕವನು ತಲೆ ಎತ್ತಿದ. ಆಕೆ ನನ್ನನ್ನೇ ನೋಡುತ್ತ ನಿಂತರು. ಒಪ್ಪಿಕೊಳ್ಳಲಿ, ಬೈಯಲಿ, ಕ್ಯಾಕರಿಸಿ ಉಗಿಯಲಿ ಎಂದುಕೊಂಡೆ.

"ಇಲ್ಲ ಬಿಡಿ" ಎಂದರು. ಅವರದೂ ಸಣ್ಣ ದನಿಯಲ್ಲ, ಎಲ್ಲರಿಗೂ ಕೇಳಿಸಿತು. "ನಿನ್ನೆಯಿಂದ ನಿಮ್ಮ ಕೈಯನ್ನೇ ನೋಡ್ತಿದೀನಿ. ಇವನು ಸಾಕು ಅಂದ ಮೇಲೂ ಇನ್ನೊಂದು ಸೌಟು ಹಾಕ್ತೀರಿ. ನೀವು ಯಾರನ್ನೂ ಹಸಿವಲ್ಲಿ ಮಲಗಿಸೋರಲ್ಲ."

ಬಸ್ಸು ಬಂತು. ಹತ್ತಿದರು. ಕಿಟಕಿಯ ಹತ್ತಿರ ಹೋಗಿ ಮತ್ತೆ ಡಬ್ಬಿ ಚಾಚಿದೆ. ಬೇಡ ಎಂದು ಕೈಯಾಡಿಸಿದರು, ಸಿಟ್ಟಿಲ್ಲದೆ. "ಸೇರಲ್ಲ" ಎಂದರು.

ಒಂದು ವರ್ಷದಿಂದ ಈ ಮಾತಿಗೆ ಕಾದಿದ್ದೆ. ಇವರು ಹೇಳಿದರೆ ಲೆಕ್ಕವಿಲ್ಲ, ಟೇಲರಮ್ಮ ಹೇಳಿದರೆ ಲೆಕ್ಕವಿಲ್ಲ, ಅವನ ಕಡೆಯವರ ಬಾಯಿಂದಲೇ, ನಾಲ್ಕು ಜನರ ನಡುವೆ ಬರಬೇಕು ಎಂದು. ಬಂತು. ಸಾಲಿನಲ್ಲಿದ್ದ ಒಬ್ಬಳು ನನ್ನ ತೋಳು ಮುಟ್ಟಿ, "ಒಳ್ಳೇದಾಯ್ತು ಬಿಡಿ" ಎಂದಳು.

ಬೆಳಿಗ್ಗೆಯಿಂದ ಆಕೆ ಒಂದು ತುತ್ತೂ ತಿಂದಿಲ್ಲ. ನನ್ನ ಮನೆಯಿಂದ ಹಾಗೇ ಹೋದರು. ದೂರದ ದಾರಿ, ಮುಟ್ಟುವಾಗ ಬೆಳಗಾಗುತ್ತದೆ. ಡಬ್ಬಿ ಮೇಜಿನ ಮೇಲಿದೆ, ಇನ್ನೂ ಬೆಚ್ಚಗಿದೆ. ಹುಡುಗರು ಕೋಣೆಯ ಬಾಗಿಲು ಹಾಕಿಕೊಂಡಿದ್ದಾರೆ. ಇವರು ತಟ್ಟೆ ಹಾಕಿ ಊಟಕ್ಕೆ ಬಾ ಎಂದು ಕರೆಯುತ್ತಿದ್ದಾರೆ. ಎರಡನೇ ಸಲ ಕರೆದರು. ನಾನು ಹೇಗೆ ಉಣ್ಣಲಿ?